ಮಾವಾರಿಗೆ ಹಲ್ಲು ಬಂದವು

ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಹುಡುಗನೊಬ್ಬನಿದ್ದಾನೆ, ನನ್ನ ಮಗ. ಅವನನ್ನು ಬಯ್ಯುವ ಧೈರ್ಯ ಯಾರಿಗೂ ಇಲ್ಲ. ಮುದ್ದು ಹೆಚ್ಚಾಗಿ ಅಲ್ಲ, ಹೆಸರಿನ ದೆಸೆಯಿಂದ. ತೊಟ್ಟಿಲಿಗೆ ಹಾಕಿದ ದಿನ ನಾವೆಲ್ಲ ಉತ್ಸಾಹದಲ್ಲಿ ಅವನಿಗೆ ತೀರಿಕೊಂಡ ನನ್ನ ಅಜ್ಜನ ಹೆಸರಿಟ್ಟುಬಿಟ್ಟೆವು. ನೇಮಣ್ಣ. ಇಟ್ಟ ಹೆಸರನ್ನು ಮುಂದೆ ದಿನವೂ ಕರೆಯಬೇಕಾಗುತ್ತದೆ ಎಂಬ ಸಣ್ಣ ಸಂಗತಿ ಅವತ್ತು ಒಬ್ಬರಿಗೂ ಹೊಳೆಯಲಿಲ್ಲ.

ನಮ್ಮ ಐನಾಪುರದ ಕಡೆ ಹೆಸರಿಗೆ ಮರ್ಯಾದೆ ಕಡಿಮೆ. ಎಷ್ಟೇ ಚೆಂದದ ಹೆಸರಿಟ್ಟರೂ ವಾರದೊಳಗೆ ಅದರ ಬಾಲ ಕತ್ತರಿಸಿ ಒಂದು ‘ಯಾ’ ಅಂಟಿಸುತ್ತೇವೆ. ಹತ್ತಿರದ ಭೋಜ ಊರಿನಿಂದ ಬಂದ ನನ್ನ ಹೆಂಡತಿಯೂ ಹಾಗೆಯೇ, ಕೂಸು ಹೊಸ ಹಾಸಿಗೆ ಒದ್ದೆ ಮಾಡಿದ ದಿನ, “ಏ ನೇಮ್ಯಾ!” ಎಂದು ಗದರಿದಳು. ಪಕ್ಕದಲ್ಲಿ ನನ್ನ ಅಜ್ಜಿ ಕುಳಿತಿದ್ದಳು. ನಾವು ಅವಳನ್ನು ಆಯಿ ಅನ್ನುತ್ತೇವೆ. ಇಡೀ ಸಂಸಾರದಲ್ಲಿ ಒಮ್ಮೆಯೂ ಗಂಡನ ಹೆಸರು ಬಾಯಿಗೆ ತಾರದವಳು.

“ಯವ್ವಾ, ಏನರೆ ಅನ್ನು,” ಎಂದಳು ಆಯಿ, “ಆ ಹೆಸರ ಹಿಡದ ಮಾತ್ರ ಬಯ್ಯಬ್ಯಾಡ.”

ಅಲ್ಲಿಗೆ ಆ ಹೆಸರು ಆಧಾರ್ ಕಾರ್ಡಿಗೆ ಹೋಗಿ ಕುಳಿತಿತು. ಹೆಂಡತಿ ಅವನನ್ನು ಬಾಳ್ಯಾ ಅಂದಳು, ನಾನು ಸಾಹೇಬ ಅಂದೆ. ಆಯಿ ಹಿಂದೆ ಗಂಡನ ಬಗ್ಗೆ ಹೇಗೋ ಹಾಗೆಯೇ, “ಅವರು ಉಂಡ್ರೇನು?” ಎಂದು ಕೇಳತೊಡಗಿದಳು. ನನ್ನ ಅವ್ವನ ಕಷ್ಟ ಎಲ್ಲರಿಗಿಂತ ದೊಡ್ಡದು. ಮಾವನ ಹೆಸರು ಸೊಸೆ ಹೇಳುವುದುಂಟೆ? ಹೀಗಾಗಿ ಬರಿಮೈಯಲ್ಲಿ ಅಂಗಳದ ತುಂಬ ಓಡುವ ಮೊಮ್ಮಗನ ಹಿಂದೆ ಚಡ್ಡಿ ಹಿಡಿದುಕೊಂಡು, “ಮಾವಾರ, ನಿಲ್ಲರಿ, ಇದನ್ನ ಹಾಕ್ಕೋರಿ,” ಎಂದು ಅವಳೂ ಓಡುತ್ತಾಳೆ.

ಅವನಿಗೆ ಮೊದಲ ಹಲ್ಲು ಮೂಡಿದ ದಿನ ಅವ್ವ ರಾಯಬಾಗದ ತನ್ನ ಅಕ್ಕನಿಗೆ ಫೋನ್ ಮಾಡಿ, “ಮಾವಾರಿಗೆ ಹಲ್ಲ ಬಂದಾವಬೇ!” ಎಂದಳು. ಅಜ್ಜ ತೀರಿದಾಗ ಬಂದು ನಮ್ಮೊಡನೆ ಅತ್ತುಹೋಗಿದ್ದ ದೊಡ್ಡವ್ವ, “ಯಾರಿಗೆ?” ಎಂದು ಮೂರು ಸಲ ಕೇಳಿದಳಂತೆ. ಮುಂದೆ ಅವಳಿಗೂ ರೂಢಿಯಾಯಿತು. ಮಾವಾರು ಎದ್ದು ನಿಂತ ಸುದ್ದಿ ಹೋದಾಗ, “ಸಾವಕಾಶ ನಡೀರಿ ಅನ್ನು, ಬಿದ್ದಗಿದ್ದಾರು,” ಎಂದಳಂತೆ.

ಅಜ್ಜನಿದ್ದಿದ್ದರೆ ಇದನ್ನೆಲ್ಲ ಕೇಳಿ ಕೆಮ್ಮು ಬರುವವರೆಗೆ ನಗುತ್ತಿದ್ದ. ನಮ್ಮದು ಜೈನರ ಮನೆ. ಅವನ ಊಟ ಹೊತ್ತು ಮುಳುಗುವ ಮೊದಲೇ. ಚಿಕ್ಕವನಿದ್ದಾಗ ನಾನು ಅವನ ತಾಟಿನಲ್ಲೇ ಕೈಹಾಕಿ ಹೊಟ್ಟೆತುಂಬ ಉಣ್ಣುತ್ತಿದ್ದೆ. ಕತ್ತಲಾದ ಮೇಲೆ ನಾವು ಮಕ್ಕಳು ಉಣ್ಣಲು ಕುಳಿತಾಗ ಅಜ್ಜ ಗಂಭೀರವಾಗಿ, “ಹುಡುಗ ಮುಂಜಾನಿಂದ ಏನೂ ತಿಂದಿಲ್ಲ, ಇನ್ನೊಂದ ರೊಟ್ಟಿ ಹಾಕ್ರಿ,” ಎನ್ನುತ್ತಿದ್ದ. ಸುಳ್ಳು ಹೇಳಬಾರದೆಂದು ಊರಿಗೆಲ್ಲ ಹೇಳುವ ಮನುಷ್ಯ! ನನ್ನ ಈಗಿನ ಹೊಟ್ಟೆ ಅವನು ಬಿಟ್ಟುಹೋದ ಆಸ್ತಿ. ಸಂಜೆ ಬಿಸಿಲು ಇಳಿಯುವಾಗ ಅವನ ನೆನಪು ಬಹಳ ಕಾಡುತ್ತದೆ, ಆ ಹೊತ್ತಿಗೆ ಹಸಿವೂ ಆಗುತ್ತದೆ. ಎರಡರಲ್ಲಿ ಯಾವುದು ಯಾವುದೆಂದು ನನಗೆ ಈಗಲೂ ಸರಿಯಾಗಿ ತಿಳಿಯುವುದಿಲ್ಲ.

ನೋಡಿ, ಹೆಸರು ಉಳಿಯಲಿ ಅಂತ ಇಟ್ಟೆವು. ಆದರೆ ಅಜ್ಜನಿದ್ದಾಗ ಪೇಟೆಯ ಆ ತುದಿಯಿಂದ ಈ ತುದಿಗೆ ಕೂಗಿಸಿಕೊಂಡ ಹೆಸರನ್ನು ಈಗ ಮನೆಯಲ್ಲೇ ಯಾರೂ ಅನ್ನುವುದಿಲ್ಲ. ಬಹಳ ಗೌರವ ಕೊಟ್ಟರೆ ಹೀಗೂ ಆಗುತ್ತದೆ. ದಿನಾ ಬೆಳಿಗ್ಗೆ ತೀರ್ಥಂಕರರ ಹೆಸರುಗಳನ್ನು ಒಂದೇ ಉಸಿರಿಗೆ ಹೇಳುವ ಆಯಿಗೆ, ನೇಮಿನಾಥರ ಸರದಿ ಬಂದಾಗ ಮಾತ್ರ ಸಣ್ಣ ಕೆಮ್ಮು ಬರುತ್ತದೆ. ಇಪ್ಪತ್ತೆರಡನೆಯ ತೀರ್ಥಂಕರರು ಇದನ್ನು ಕ್ಷಮಿಸಿರಬೇಕು.

ಈ ಜೂನಿನಲ್ಲಿ ಸಾಹೇಬರನ್ನು ಬಾಲವಾಡಿಗೆ ಹಾಕಿದೆವು. ವಾರ ಕಳೆದ ಮೇಲೆ ಅಲ್ಲಿನ ಬಾಯಾರು, ಅಂದರೆ ಟೀಚರು, ಫೋನ್ ಮಾಡಿದರು. “ನಿಮ್ಮ ಹುಡುಗ ದಿನಾ ಬರ್ತಾನ್ರಿ. ನೇಮಣ್ಣ ಮಾತ್ರ ಒಂದ ದಿನಾನೂ ಬಂದಿಲ್ಲ.” ಹೆಸರೇನೆಂದು ಕೇಳಿದರೆ ‘ಮಾವಾರು’ ಅನ್ನುತ್ತಾನಂತೆ. ನಮಗೆಲ್ಲ ನಗು. ಅವನು ಮಾತ್ರ ಸಂಜೆ ಸ್ಲೇಟಿನ ಪಾಟಿ ಎಸೆದು ಬಿಕ್ಕಿ ಬಿಕ್ಕಿ ಅತ್ತ. “ಎಲ್ಲಾರ ಹೆಸರ ಕರೀತಾರ. ನಂದ ಅಷ್ಟ ಕರಿಯೂದಿಲ್ಲ. ನಾ ನಾಳಿಂದ ಹೋಗೂದಿಲ್ಲ.”

ನಗು ನಿಂತಿತು. ಅವನಿಗೆ ಅವನ ಹೆಸರು ಕಲಿಸಬೇಕಾಗಿತ್ತು. ಹೆಂಡತಿ ಆಯಿಯ ಕಡೆ ನೋಡಿ ಪಾಟಿ ಎತ್ತಿಡತೊಡಗಿದಳು. ಅವ್ವ ಹಿಟ್ಟು ನಾದುವ ನೆಪ ಮಾಡಿ ಒಳಗೆ ಹೋದಳು. ಪದವಿ ಪಡೆದ ನಾನು “ನೇ” ಎಂದು ಶುರುಮಾಡಿ ಅಲ್ಲೇ ನಿಂತೆ. ಅಜ್ಜನನ್ನು ಹೆಸರು ಹಿಡಿದು ಕರೆಯಲು ನನಗೂ ನಾಲಿಗೆ ಹೊರಳಲಿಲ್ಲ.

ಆಯಿ ಸೆರಗು ತಲೆಯ ಮೇಲೆ ಎಳೆದುಕೊಂಡು ಅವನನ್ನು ಮಂಚದ ಮೇಲೆ ಕರೆದಳು. “ಬರ್ರಿಲ್ಲೆ. ಸಾಲಿ ಆಟ ಆಡೂಣು. ನಾ ಬಾಯಾರು. ನಾ ಈಗ ಒಂದ ಹೆಸರ ಕರೀತೀನಿ. ಅದು ನಿಮ್ಮದರಿ. ಹಾಜರ್ ಅನ್ನಬೇಕು.”

ಅವನು ಕಣ್ಣೊರೆಸಿಕೊಂಡು ನೆಟ್ಟಗೆ ಕುಳಿತ. ಆಯಿ ಒಮ್ಮೆ ಬಾಗಿಲ ಕಡೆ ನೋಡಿದಳು, ತುಟಿ ಒದ್ದೆ ಮಾಡಿಕೊಂಡಳು.

“ನೇಮಣ್ಣ.”

“ಹಾಜರ್ರಿ!”

ಒಳಗಿನಿಂದ ಅವ್ವ ಹಿಟ್ಟಿನ ಕೈಯಲ್ಲೇ ಬಂದು ನಿಂತಳು. ಆಯಿಯ ಮುಖ ಕೆಂಪಾಗಿತ್ತು. ಈ ಸಲ ಸ್ವಲ್ಪ ಗಟ್ಟಿಯಾಗಿ ಕರೆದಳು.

“ನೇಮಣ್ಣಾ.”

“ಹಾಜರ್ರಿ!”

ಹುಡುಗನಿಗೆ ಪಾಠ ಬಂದಾಗಿತ್ತು; ಆಟ ಅಲ್ಲಿಗೆ ಮುಗಿಯಬಹುದಿತ್ತು. ಆಯಿ ಮತ್ತೆ ಕರೆದಳು. ಮತ್ತೂ ಕರೆದಳು. ಕೊನೆಗೆ ಅವನಿಗೆ ಬೇಸರ ಬಂದು, ಅವಳ ಒದ್ದೆ ಕೆನ್ನೆಗಳನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆ ತಿರುಗಿಸಿಕೊಂಡ.

“ಇಲ್ಲೇ ಅದೀನಿ ಅಂದ್ನೆಲ್ಲ ಬೇ! ಎಷ್ಟ ಸಲ ಕರೀತಿ?”