ಅಂಜಮ್ಮ ಹೊಲಿದ ಮೊದಲ ಮದುವೆ ರವಿಕೆ

ನನ್ನ ತಂಗಿ ಅಂಜಮ್ಮನನ್ನು ಹೊಗಳುವವರಿಗೆ ಕೋಲಾರದಲ್ಲಿ ಬರವಿಲ್ಲ. ದೊಡ್ಡಪೇಟೆಯಲ್ಲಿ ಯಾರನ್ನಾದರೂ ನಿಲ್ಲಿಸಿ ಕೇಳಿ. ಒಂದೇ ಕಾಲಿನಲ್ಲಿ ಮಿಷನ್ ತುಳಿದು ಮೇಲೆ ಬಂದ ಮಹಾತಾಯಿ, ಮದುವೆ ಬಟ್ಟೆ ಅಂದರೆ ಅವಳೇ ಹೊಲಿಯಬೇಕು ಎನ್ನುತ್ತಾರೆ. ನಾನು ಅವಳ ಒಡಹುಟ್ಟಿದ ಅಕ್ಕ, ಮುನಿಯಲ್ಲಮ್ಮ. ನನ್ನನ್ನು ಕೇಳಿದರೆ ಹೊಗಳಿಕೆ ಸಿಕ್ಕುವುದಿಲ್ಲ. ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮೊದಲೂ ಇತ್ತು, ಇವತ್ತಿಗೂ ಇದೆ, ಮುಚ್ಚಿಟ್ಟುಕೊಂಡು ನನಗೇನೂ ಆಗಬೇಕಾಗಿಲ್ಲ. ಆದರೆ ಅವಳ ಕತೆ ಪೂರ್ತಿ ಗೊತ್ತಿರುವುದು ನನಗೊಬ್ಬಳಿಗೇ. ಹೊಗಳುವವರು ಅಲ್ಲಿಷ್ಟು ಇಲ್ಲಿಷ್ಟು ಕೇಳಿ ಹೊಗಳುತ್ತಾರೆ. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ್ದೇನೆ.

ನಮ್ಮದು ಮುಳಬಾಗಿಲು ಸೀಮೆ, ನಂಗಲಿ ಪಕ್ಕದ ಹಳ್ಳಿ. ಅಪ್ಪ ಗಂಗುಲಪ್ಪನಿಗೆ ನಾವಿಬ್ಬರೇ ಮಕ್ಕಳು. ಅಂಜಮ್ಮ ನಡೆಯಲು ಕಲಿತ ವರ್ಷವೇ ಜ್ವರ ಬಂದು ಅವಳ ಬಲಗಾಲು ಒಣಗಿ ಕಡ್ಡಿಯಾಯಿತು. ತೊಡೆಯ ಮೇಲೆ ಕೈಯೂರಿ, ಮೈಯನ್ನು ಒಂದು ಕಡೆಗೆ ವಾಲಿಸಿ ಹೆಜ್ಜೆ ಹಾಕುತ್ತಿದ್ದಳು. ಒಳ್ಳೆಯ ಕೆಲಸಕ್ಕೆ ಹೊರಟವರ ಎದುರಿಗೆ ಅವಳು ಬಂದರೆ, ಅವರು ಒಳಗೆ ಹೋಗಿ ಒಂದು ಲೋಟ ನೀರು ಕುಡಿದು, ಸ್ವಲ್ಪ ಹೊತ್ತು ಕೂತು ಮತ್ತೆ ಹೊರಡುತ್ತಿದ್ದರು. ನಾನೋ, ಊರಿಗೇ ಎದ್ದು ಕಾಣುವ ಹುಡುಗಿ. ಆಗ ನನಗೆ ಅವಳ ಮೇಲೆ ಕಿಚ್ಚೇನೂ ಇರಲಿಲ್ಲ. ಕಿಚ್ಚುಪಡುವಂಥದ್ದು ಅವಳ ಹತ್ತಿರ ಏನಿತ್ತು?

ನಮ್ಮ ಕಡೆ ಒಂದು ಪದ್ಧತಿ. ಅಕ್ಕತಂಗಿಯರಲ್ಲಿ ಒಬ್ಬಳಿಗೆ ಊನವಿದ್ದರೆ, ನೆಟ್ಟಗಿರುವವಳನ್ನು ಕೇಳಿಕೊಂಡು ಬಂದ ಗಂಡಿಗೇ ಇಬ್ಬರನ್ನೂ ಒಂದೇ ಮಂಟಪದಲ್ಲಿ ಕೊಟ್ಟುಬಿಡುವುದು. ಶ್ರೀನಿವಾಸಪುರದ ಹತ್ತಿರ ಮಾವಿನ ತೋಪು ಇಟ್ಟುಕೊಂಡಿದ್ದ ಕೋದಂಡರಾಮಪ್ಪನವರ ಮನೆಯವರು ಬಂದು ತಮ್ಮ ಮಗನಿಗೆ ನನ್ನನ್ನು ಒಪ್ಪಿದರು. ಅಪ್ಪ ವೀಳ್ಯದ ತಟ್ಟೆ ಮುಂದಿಟ್ಟು, "ದೊಡ್ಡೋಳು ಬೇಕಂದ್ರೆ ಚಿಕ್ಕೋಳಿಗೂ ನೀವೇ ತಾಳಿ ಕಟ್ಬೇಕು. ಪಾಪದ್ದು, ಮೂಲೇಲಿ ಕೂತ್ಕೊಂಡು ಕಾಳು ಹಸನು ಮಾಡ್ಕೊಂಡಿರ್ತಾಳೆ" ಎಂದ. ಅವರವರೇ ಗುಸುಗುಸು ಮಾತಾಡಿಕೊಂಡು ಆಗಲಿ ಎಂದರು. ಇದು ಸಾವಿರದ ಒಂಬೈನೂರ ಮೂವತ್ತಮೂರರ ಮಾತು.

ನನ್ನನ್ನು ಕೇಳಿದವರು ಯಾರು? ಒಡಹುಟ್ಟಿದವಳೇ ಸವತಿ! ಅವಳಿಗೆ ಮಾತು ಮೆತ್ತಗೆ, ನನಗೆ ಬಾಯಿ ಜೋರು. ಅವಳ ಕೈಯಡಿಗೆ ರುಚಿ, ನನ್ನದು ಹೊಟ್ಟೆಗಾದರೆ ಸಾಕು. ಕಾಲು ಕುಂಟಾದರೇನು, ಗಂಡಸಿನ ಮನಸ್ಸು ಯಾವ ಕಡೆ ವಾಲುತ್ತದೋ ಎಂದು, ಅರಿಶಿನ ಹಚ್ಚಿಸಿಕೊಳ್ಳುವಾಗಲೂ ನಾನು ಅವಳನ್ನೇ ಕೆಕ್ಕರಿಸಿ ನೋಡುತ್ತಿದ್ದೆ. ಅವಳು ಮಾತ್ರ ತಲೆ ಎತ್ತಲೇ ಇಲ್ಲ.

ಮಂಟಪದಲ್ಲಿ ನನ್ನ ಕೊರಳಿಗೆ ಮೂರು ಗಂಟು ಬಿತ್ತು. ಇವರು ಎರಡನೆಯ ತಾಳಿ ಎತ್ತಿಕೊಂಡು ಅವಳ ಕಡೆ ತಿರುಗಿದರು. ಅಂಜಮ್ಮ ಸೆರಗನ್ನು ಕತ್ತಿಗೆ ಬಿಗಿಯಾಗಿ ಸುತ್ತಿಕೊಂಡಳು.

"ಬಾವಾ, ಅದನ್ನ ತಟ್ಟೇಲಿಡಿ. ನಾನು ಯಾರ ಮನೆ ಮೂಲೇಲೂ ಕೂರಲ್ಲ. ದುಡ್ಕೊಂಡು ತಿಂತೀನಿ."

ವಾದ್ಯ ನಿಂತುಹೋಯಿತು. ಅಪ್ಪ ಹಣೆ ಚಚ್ಚಿಕೊಂಡು "ಪರುವು ಪೋಯಿಂದಿ, ಪರುವು ಪೋಯಿಂದಿ" ಎಂದು ಗೋಳಾಡಿದ. ಅವನಿಗೆ ಮಾನ ಹೋದಾಗೆಲ್ಲ ಬಾಯಿಗೆ ತೆಲುಗೇ ಬರುತ್ತಿತ್ತು. ಗಂಡಿನ ಕಡೆಯವರು ಒಂದಷ್ಟು ಹಾರಾಡಿದರು. ಕೊನೆಗೆ ಊಟ ಆರುತ್ತಿದೆ ಎಂದು ಯಾರೋ ಹೇಳಿದ್ದರಿಂದ ಸುಮ್ಮನಾದರು.

ಸವತಿ ತಪ್ಪಿದಳೆಂದು ನಾನು ಕುಣಿದಾಡಬೇಕಿತ್ತು. ಒಂದು ಗಳಿಗೆ ಮನಸ್ಸು ಕುಣಿಯಿತು ಕೂಡ. ಆಮೇಲೆ ನೋಡುತ್ತೇನೆ, ಚಪ್ಪರದ ತುಂಬ ಅವಳದೇ ಮಾತು! ಪಂಕ್ತಿಯಲ್ಲಿ ಕೂತವರ ಬಾಯಲ್ಲಿ ಅವಳು, ಜಗಲಿಯಲ್ಲಿ ಎಲೆಅಡಿಕೆ ಹಾಕುವವರ ಬಾಯಲ್ಲಿ ಅವಳು. ಬೈಯುವವರೂ ಅವಳನ್ನೇ ಬೈಯುತ್ತಿದ್ದರು. ಮದುವಣಗಿತ್ತಿ ನಾನು ಕಣ್ರಪ್ಪಾ, ನಾನು! ಗಂಡನ ಮನೆಗೆ ಗಾಡಿಯಲ್ಲಿ ಹೋಗುವಾಗ ಇವರು, "ನಿನ್ನ ತಂಗೀಗೆ ಗುಂಡಿಗೆ ಇದೆ ಕಣೇ" ಎಂದರು. ತಾಳಿ ಕಟ್ಟಿದ ಮೇಲೆ ಅವರು ನನ್ನೊಡನೆ ಆಡಿದ ಮೊದಲ ಮಾತು ಅದು. ಉರಿಯದೆ ಇರಲು ನನ್ನ ಹೊಟ್ಟೆಯೇನು ಕಲ್ಲೇ?

ಅಪ್ಪ ಅವಳೊಡನೆ ಮಾತು ಬಿಟ್ಟ. ಅವಳು ಮುಳಬಾಗಿಲಿಗೆ ಹೋಗಿ ದರ್ಜಿ ವೆಂಕಟರಾಯಪ್ಪನ ಅಂಗಡಿ ಮುಂದೆ ನಿಂತಳು. ಆತ ಮರುಗಿ, ಕಾಜಾ ಹಾಕಿ ಗುಂಡಿ ಹೊಲಿಯುವ ಕೆಲಸ ಕೊಟ್ಟ. ಆದರೆ ಮಿಷನ್ ಮುಟ್ಟುವ ಹಾಗಿಲ್ಲ. ಆಯುಧಪೂಜೆಯಲ್ಲಿ ಹೂವೇರಿಸಿಕೊಳ್ಳುವ ಮಿಷನ್ನಿಗೆ ಕುಂಟುಕಾಲು ತಗಲಿದರೆ ಅಂಗಡಿಗೆ ಏಳಿಗೆಯಿಲ್ಲ ಎಂದು ಅವನ ನಂಬಿಕೆ. ಮದುವೆ ಬಟ್ಟೆಗಳ ಗಂಟನ್ನಂತೂ ಅವಳ ಕಣ್ಣಿಗೆ ಬೀಳದ ಹಾಗೆ ಹಲಗೆಯ ಮೇಲಿಡುತ್ತಿದ್ದ.

ಮಧ್ಯಾಹ್ನ ಆತ ಮನೆಗೆ ಊಟಕ್ಕೆ ಹೋದಾಗ ಇವಳು ಮಿಷನ್ ಮುಂದೆ ಕೂರುತ್ತಿದ್ದಳಂತೆ. ಒಂದೇ ಕಾಲಿನಲ್ಲಿ ತುಳಿದರೆ ಕಾಲಡಿಯ ಹಲಗೆ ಕೆಳಗೇನೋ ಹೋಗುತ್ತದೆ, ಲಯಕ್ಕೆ ಸರಿಯಾಗಿ ಮೇಲೆ ಬರುವುದಿಲ್ಲ. ಚಕ್ರ ಹಿಂದಕ್ಕೆ ತಿರುಗಿ ದಾರ ಪಟ್ಟೆಂದು ಕಿತ್ತುಹೋಗುತ್ತದೆ. ನಾನಾಗಿದ್ದರೆ ಮಿಷನ್ನಿಗೆ ಒದ್ದು ಎದ್ದು ಬರುತ್ತಿದ್ದೆ. ಅವಳು ಚಪ್ಪಲಿ ಹೊಲಿಯುವವನ ಹತ್ತಿರ ಒಂದು ಚರ್ಮದ ಪಟ್ಟಿ ಹೊಲಿಸಿಕೊಂಡು, ತುಳಿಯುವ ಹಲಗೆಗೆ ಕಟ್ಟಿ, ಅದರೊಳಗೆ ಎಡಗಾಲು ತೂರಿಸಿದಳು. ಬೆರಳಿನಿಂದ ಒತ್ತುವುದು, ಪಟ್ಟಿಯಿಂದ ಎಳೆಯುವುದು. ಪಾದ ಊದಿಕೊಂಡು, ಚರ್ಮ ಸುಲಿದು, ಆಮೇಲೆ ಅದೇ ಗಟ್ಟಿಯಾಯಿತು.

ಒಂದು ದಿನ ವೆಂಕಟರಾಯಪ್ಪ ಬೇಗ ಬಂದು ಕಂಡುಬಿಟ್ಟ. ಕೂಗಾಡಿ, ಮಿಷನ್ನಿಗೆ ಅರಿಶಿನದ ನೀರು ಚಿಮುಕಿಸಿ, ಅವಳನ್ನು ಹೊರಗೆ ಕಳಿಸಿದ. ಆದರೆ ಅದು ದೀಪಾವಳಿಯ ಹಿಂದಿನ ವಾರ. ಅಂಗಿ ಚಡ್ಡಿಗಳು ರಾಶಿ ಬಿದ್ದಿದ್ದವು, ಅವನ ಕೆಲಸದವನು ಜ್ವರ ಎಂದು ಮಲಗಿದ್ದ. ಮಾರನೆಯ ದಿನ ತಾನೇ ಹೇಳಿಕಳಿಸಿದ. ಹಬ್ಬದ ಹೊಲಿಗೆಯ ಮುಂದೆ ಅವನ ನಂಬಿಕೆ ಸ್ವಲ್ಪ ಸಡಿಲವಾಯಿತು. ಮದುವೆ ಬಟ್ಟೆಯ ವಿಷಯದಲ್ಲಿ ಮಾತ್ರ ಸಡಿಲವಾಗಲಿಲ್ಲ.

ತವರಿಗೆ ಹೋದಾಗ ಒಮ್ಮೆ ಆ ಅಂಗಡಿಗೆ ಹೋದೆ. ಹೋದವಳು ಬಾಗಿಲಲ್ಲೇ ನಿಂತೆ. ಪೇಟ ಸುತ್ತಿದ ಯಜಮಾನರೊಬ್ಬರು, "ಅಂಜಮ್ಮನೋರೇ, ನಮ್ಮ ಅಂಗಿ ಆಯ್ತಾ?" ಎಂದು ಕೇಳುತ್ತಿದ್ದರು. ಅಂಜಮ್ಮನೋರೇ! ನನ್ನನ್ನು ಮನೆಯಲ್ಲಿ ಲೇ ಎನ್ನುತ್ತಾರೆ, ಏಯ್ ಎನ್ನುತ್ತಾರೆ, ಅತ್ತೆಗಂತೂ ನನ್ನ ಹೆಸರು ಗೊತ್ತಿತ್ತೋ ಇಲ್ಲವೋ. ನನಗೆ ಎರಡು ಕಾಲೂ ನೆಟ್ಟಗಿದ್ದವು. ಅವು ನನ್ನನ್ನು ಬಾವಿಗೆ ಕರೆದುಕೊಂಡು ಹೋದವು, ತೋಪಿಗೆ ಕರೆದುಕೊಂಡು ಹೋದವು, ಮತ್ತೆ ಒಲೆ ಮುಂದೆ ತಂದು ಬಿಟ್ಟವು. ಆ ದಿನ ಅವಳು ಕೊಟ್ಟ ಕಾಫಿಯನ್ನು ಹಾಗೇ ಬಿಟ್ಟು ಎದ್ದು ಬಂದೆ.

ಯುದ್ಧ ಬಂತು. ಜಗತ್ತಿಗೆಲ್ಲ ಸಂಕಟ ತಂದ ಯುದ್ಧ ನನ್ನ ತಂಗಿಗೆ ಕೆಲಸ ತಂದಿತು, ಅವಳ ಅದೃಷ್ಟ ನೋಡಿ! ನರಸಿಂಹಪ್ಪ ಎಂಬ ಕಂಟ್ರಾಕ್ಟರು ಬೆಂಗಳೂರಿನಿಂದ ಮಿಲಿಟರಿ ಚಡ್ಡಿಗಳ ಕತ್ತರಿಸಿದ ಬಟ್ಟೆ ತಂದು ಹೊಲಿಯಲು ಹಂಚುತ್ತಿದ್ದ. ಅವಳು ಕೋಲಾರದ ದೊಡ್ಡಪೇಟೆಯಲ್ಲಿ ಒಂದು ಉದ್ದನೆಯ ಕೋಣೆ ಹಿಡಿದಳು, ಮಿಷನ್ನುಗಳನ್ನು ತರಿಸಿದಳು, ಗಂಡ ಸತ್ತವರನ್ನೂ ಗಂಡ ಬಿಟ್ಟವರನ್ನೂ ಕರೆದು ಕೂರಿಸಿ ಕೆಲಸ ಕಲಿಸಿದಳು. ಯಾವ ಸಿಪಾಯಿಯೂ ತನ್ನ ಚಡ್ಡಿ ಹೊಲಿದವಳ ಕಾಲು ಹೇಗಿದೆ ಎಂದು ವಿಚಾರಿಸಲಿಲ್ಲ. ಬಾಗಿಲ ಮೇಲೆ ಅವಳ ಹೆಸರಿನ ಬೋರ್ಡೂ ಬಂತು. ನಾನು ಏನೇನೋ ನೆಪ ಮಾಡಿಕೊಂಡು, ಪೆಟ್ರೋಲಿಲ್ಲದೆ ಇದ್ದಿಲು ಉರಿಸಿ ಓಡಿಸುತ್ತಿದ್ದ ಬಸ್ಸಿನಲ್ಲಿ ಕೆಮ್ಮುತ್ತಾ ಕೋಲಾರಕ್ಕೆ ಹೋಗಿ, ಆ ಬೋರ್ಡು ಇನ್ನೂ ಇದೆಯೇ ಎಂದು ನೋಡಿಕೊಂಡು ಬರುತ್ತಿದ್ದೆ. ಇರುತ್ತಿತ್ತು, ಹಾಳಾದ್ದು.

ಯುದ್ಧ ಮುಗಿಯಿತು, ಮಿಲಿಟರಿ ಬಟ್ಟೆ ನಿಂತಿತು. ಸ್ಕೂಲು ಮಕ್ಕಳ ಅಂಗಿ, ಲಂಗ ಬರುತ್ತಿದ್ದವು, ಅಷ್ಟರಿಂದ ಅಷ್ಟು ಜನ ಹೆಂಗಸರ ಹೊಟ್ಟೆ ತುಂಬುತ್ತದೆಯೇ? ಹೊಲಿಗೆಯವರು ವರ್ಷವಿಡೀ ಉಣ್ಣುವುದು ಮದುವೆ ಕಾಲದ ದುಡಿಮೆಯಿಂದ. ಮದುವೆ ಬಟ್ಟೆಯನ್ನು ಮಾತ್ರ ಒಬ್ಬರೂ ಅವಳಿಗೆ ಕೊಡಲಿಲ್ಲ. ಕಾಲಿಲ್ಲದವಳು ಹೊಲಿದ ರವಿಕೆ ತೊಟ್ಟು ಹುಡುಗಿ ಹಸೆಮಣೆ ಏರುವುದುಂಟೇ ಎನ್ನುತ್ತಿದ್ದರು. ಕೆಲಸದ ಹೆಂಗಸರು ಒಬ್ಬೊಬ್ಬರೇ ಬಿಟ್ಟು ಹೋದರು. ಇನ್ನೊಂದು ಮದುವೆ ಕಾಲ ಹೀಗೇ ಕಳೆದರೆ ಅವಳು ಬಾಗಿಲು ಹಾಕಿ, ಅಪ್ಪನ ಮನೆಯ ಮೂಲೆಗೆ ಹೋಗಿ ಕೂರಬೇಕು.

ಅದೇ ಹೊತ್ತಿಗೆ, ನಲವತ್ತಾರರ ಮಾಘದಲ್ಲಿ, ನಮ್ಮ ಮನೆಯಲ್ಲಿ ಮದುವೆ ಗೊತ್ತಾಯಿತು. ಹುಡುಗಿ ನನ್ನ ನಾದಿನಿ ಶಾಮಲಮ್ಮ, ನನ್ನ ಕೈಯಲ್ಲೇ ಬೆಳೆದವಳು. ಗಂಡು ಮಾಲೂರಿನವನು. ಅತ್ತೆ ತೀರಿಕೊಂಡಿದ್ದರಿಂದ ಮನೆಗೆ ಹಿರಿಯ ಹೆಂಗಸು ನಾನೇ. ಮದುವೆ ರವಿಕೆ ಯಾರ ಕೈಯಲ್ಲಿ ಹೊಲಿಸಬೇಕು ಎನ್ನುವುದು ನನ್ನ ಮಾತು. ಕೋಲಾರದ ಹೆಂಗಸರೆಲ್ಲ ನನ್ನ ಕಡೆಗೇ ನೋಡುತ್ತಿದ್ದರು. ಒಡಹುಟ್ಟಿದ ಅಕ್ಕನೇ ಕೊಟ್ಟರೆ ನಾವೂ ಕೊಡಬಹುದು, ಅವಳೇ ಕೊಡದಿದ್ದರೆ ನಮಗೇಕೆ ಎನ್ನುತ್ತಿದ್ದರು. ಅಂದರೆ ಅವಳ ಅಂಗಡಿ ನನ್ನ ಮುಷ್ಟಿಯಲ್ಲಿತ್ತು! ಆ ದಿನಗಳಲ್ಲಿ ನಾನು ಉಂಡ ಊಟ ಬಹಳ ರುಚಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಶಾಮಲಮ್ಮ ಬೆನ್ನು ಬಿಡಲಿಲ್ಲ. "ಅತ್ತಿಗೇ, ಅಂಜಕ್ಕನ ಹತ್ರಾನೇ ಹೊಲಿಸಿ. ವೆಂಕಟರಾಯಪ್ಪ ಹಳೇ ರವಿಕೆ ನೋಡ್ಕೊಂಡು ಅಂದಾಜಲ್ಲಿ ಹೊಲೀತಾರೆ, ಕಂಕುಳಲ್ಲಿ ಹಿಡಿಯುತ್ತೆ. ಅಂಜಕ್ಕ ಹೆಂಗಸು, ಟೇಪಲ್ಲೇ ಅಳತೆ ತಗೋತಾರೆ."

"ಅಂಜಕ್ಕನಂತೆ ಅಂಜಕ್ಕ! ಬಾಯ್ಮುಚ್ಕೊಂಡು ಒಳಗೆ ಹೋಗೇ" ಎಂದೆ.

ಅಷ್ಟರಲ್ಲಿ ಒಂದು ಸುದ್ದಿ ಬಂತು. ಕೋಲಾರದ ವಕೀಲರೊಬ್ಬರ ಹೆಂಡತಿ ಭಾರತಮ್ಮ ತಮ್ಮ ಮಗಳ ಮದುವೆ ಬಟ್ಟೆಯನ್ನು ಅಂಜಮ್ಮನಿಗೇ ಕೊಡುತ್ತಾರಂತೆ. "ಆ ಕುಂಟ ಹುಡುಗೀನ ನಾನು ಉದ್ಧಾರ ಮಾಡ್ತೀನಿ" ಎಂದು ಮನೆಮನೆಯಲ್ಲೂ ಹೇಳಿಕೊಂಡು ಬರುತ್ತಿದ್ದಾರಂತೆ. ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು. ನನ್ನ ತಂಗಿಯನ್ನು ಉದ್ಧಾರ ಮಾಡಲು ಇವಳು ಯಾವೂರ ದೊರೆಸಾನಿ? ಬೆಳಗಾಗುತ್ತಲೇ ರೇಷ್ಮೆಯ ರವಿಕೆ ಕಣವನ್ನು ಸೆರಗಿನಲ್ಲಿ ಕಟ್ಟಿಕೊಂಡು, ಶಾಮಲಮ್ಮನ ಕೈ ಹಿಡಿದು ಬಸ್ಸು ಹತ್ತಿದೆ.

ನಾವು ಹೋಗುವ ಹೊತ್ತಿಗೆ ಭಾರತಮ್ಮ ಮುಖ ಕೆಂಪಗೆ ಮಾಡಿಕೊಂಡು ಮೆಟ್ಟಿಲಿಳಿಯುತ್ತಿದ್ದರು. ಬಟ್ಟೆಯ ಗಂಟು ಅವರ ಕಂಕುಳಲ್ಲೇ ಇತ್ತು. ಅಂಜಮ್ಮ ಬೇಡ ಎಂದುಬಿಟ್ಟಿದ್ದಳು. ಅಂಗಡಿಯಲ್ಲಿ ಅರ್ಧಕ್ಕರ್ಧ ಮಿಷನ್ನುಗಳು ಮುಸುಕು ಹಾಕಿಕೊಂಡು ಕೂತಿವೆ, ಇವಳಿಗೆ ಈ ಸೊಕ್ಕು!

ನಾನು ಕಣ ಮುಂದಿಟ್ಟೆ. ಅವಳು ಅದನ್ನು ಮುಟ್ಟಲಿಲ್ಲ.

"ನೀನೂ ಪುಣ್ಯ ಕಟ್ಕೊಳ್ಳೋಕೆ ಬಂದ್ಯಾ ಅಕ್ಕಾ? ಆಯಮ್ಮ ಈಗ ತಾನೇ ಅದನ್ನೇ ಹೇಳಿದ್ರು. ಕುಂಟಿಗೊಂದು ದಾರಿ ಮಾಡಿದ ಪುಣ್ಯ ಬರ್ಲಿ ಅಂತ. ಹೊಲಿಗೆ ಚೆನ್ನಾಗಿದೆ ಅಂತ ಕೊಟ್ರೆ ಹೊಲೀತೀನಿ. ಪುಣ್ಯಕ್ಕೆ ಕೊಡೋದಾದ್ರೆ ಅಂಗಡಿ ಮುಚ್ಚಿದ್ರೂ ಚಿಂತೆಯಿಲ್ಲ, ತಗೊಂಡ್ಹೋಗು."

ನನಗೆ ಮೈಯೆಲ್ಲ ಉರಿದುಹೋಯಿತು. "ಪುಣ್ಯವಂತೆ ಪುಣ್ಯ! ಯಾವಳಿಗೆ ಬೇಕೇ ನಿನ್ನ ಪುಣ್ಯ? ಹೊಟ್ಟೆಕಿಚ್ಚಿಗೆ ಬಂದಿದೀನಿ ಕಣೇ, ಹೊಟ್ಟೆಕಿಚ್ಚಿಗೆ! ಆ ಭಾರತಮ್ಮ ಮೊದ್ಲು ಕೊಟ್ಟು ಊರೆಲ್ಲ ಸಾರ್ಕೊಂಡು ಓಡಾಡೋದು ನನ್ನ ಕೈಲಿ ನೋಡಕ್ಕಾಗಲ್ಲ. ಇಷ್ಟು ವರ್ಷ ನಿನ್ನ ನೋಡಿ ಉರ್ಕೊಂಡಿದ್ದೀನಿ. ಅಂಜಮ್ಮನೋರೇ ಅನ್ನಿಸ್ಕೊಂಡೆ, ಬೋರ್ಡು ಹಾಕ್ಕೊಂಡೆ, ನನ್ನ ಗಂಡನ ಬಾಯಲ್ಲೂ ಹೊಗಳಿಸ್ಕೊಂಡೆ. ಈಗ ಬಾಗ್ಲು ಹಾಕ್ಕೊಂಡು ಮೂಲೇಲಿ ಕೂತ್ಕೋತೀನಿ ಅಂತೀಯಲ್ಲ, ನಾನು ಇನ್ಯಾರನ್ನ ನೋಡಿ ಉರ್ಕೊಳ್ಲೇ?"

ತುಳಿಯುತ್ತಿದ್ದ ಮಿಷನ್ನುಗಳೆಲ್ಲ ನಿಂತವು. ಶಾಮಲಮ್ಮ ನನ್ನ ಸೆರಗು ಜಗ್ಗಿದಳು. ಅಂಜಮ್ಮ ನನ್ನನ್ನೇ ನೋಡಿದಳು. ಆಮೇಲೆ ನಗಲು ಶುರುಮಾಡಿ, ನಕ್ಕು ನಕ್ಕು ಕಣ್ಣಲ್ಲಿ ನೀರು ಬರಿಸಿಕೊಂಡಳು.

"ಕೊಡಕ್ಕಾ, ಹೊಲೀತೀನಿ" ಎಂದು ಕಣ ಎತ್ತಿಕೊಂಡಳು. "ಕಾಲು ಹೋದಾಗಿಂದ ನನ್ನ ನೋಡಿದೋರೆಲ್ಲ ಅಯ್ಯೋ ಪಾಪ ಅಂದ್ರು. ಅಮ್ಮ ಅಂದ್ಲು, ಅಪ್ಪ ಅಂದ, ಕೆಲ್ಸ ಕಲಿಸಿದೋನೂ ಅಂದ. ನನ್ನ ನೋಡಿ ಹೊಟ್ಟೆ ಉರ್ಕೊಂಡೋಳು ನೀನೊಬ್ಳೇ ಅಕ್ಕಾ. ಕಾಲು ಸೋತು ಇನ್ನಾಗಲ್ಲ ಅಂದಾಗೆಲ್ಲ ನಿನ್ನ ಮುಖ ನೆನೆಸ್ಕೊಂಡು ತುಳ್ದಿದೀನಿ."

"ಕಂಕುಳಲ್ಲಿ ಹಿಡೀಬಾರ್ದು ನೋಡು" ಎಂದೆ. ಅವಳು ಟೇಪು ಕೊರಳಿಗೆ ಹಾಕಿಕೊಂಡು ಶಾಮಲಮ್ಮನನ್ನು ಹತ್ತಿರ ಕರೆದಳು.

ಆ ರವಿಕೆ ತೊಟ್ಟೇ ಶಾಮಲಮ್ಮ ಹಸೆ ಏರಿದಳು. ಮಾಲೂರಿನ ಬೀಗಿತ್ತಿಯರು ತೋಳು ಹಿಡಿದು ತಿರುಗಿಸಿ ತಿರುಗಿಸಿ ಹೊಲಿಗೆ ನೋಡಿದರು. ಮುಂದಿನ ವೈಶಾಖದಲ್ಲಿ ಭಾರತಮ್ಮ ಮತ್ತೆ ಬಂದು, ಪುಣ್ಯದ ಮಾತೆತ್ತದೆ, ಎಲ್ಲರ ಹಾಗೆ ಸರದಿಯಲ್ಲಿ ಕೂತರಂತೆ. ಬಿಟ್ಟುಹೋದ ಹೆಂಗಸರೂ ವಾಪಸ್ಸು ಬಂದರು. ಇದಕ್ಕೆಲ್ಲ ಕಾರಣ ನಾನು ಎಂದು ಸಿಕ್ಕಸಿಕ್ಕವರಿಗೆ ಹೇಳಿದ್ದೇನೆ, ಹೇಳುತ್ತಲೇ ಇರುತ್ತೇನೆ. ಅಂಜಮ್ಮ ಅಲ್ಲ ಎನ್ನುವುದಿಲ್ಲ. ಅಂಗಡಿ ತುಂಬ ಜನ ಇರುವಾಗಲೇ, "ಹೌದು, ನಮ್ಮಕ್ಕನ ಹೊಟ್ಟೆಕಿಚ್ಚಿಂದ ಮುಂದೆ ಬಂದೋಳು ನಾನು" ಎಂದು ನಗುತ್ತಾಳೆ. ಎಂಥ ದೊಡ್ಡ ಮನಸ್ಸು ನೋಡಿ ಎಂದು ಜನ ಅದಕ್ಕೂ ಅವಳನ್ನೇ ಹೊಗಳುತ್ತಾರೆ.