ಎಡಗಡೆ ಸೀಟಿನ ಟೀಚರು

ಅವರ ಎರಡು ಕೈಗಳಿಗೂ ಬೇರೆ ಬೇರೆ ಬಣ್ಣ. ಬಲಗೈ ಗೋಧಿ ಬಣ್ಣದ್ದು. ಎಡಗೈ ಮಾತ್ರ ಮೊಣಕೈಯಿಂದ ಕೆಳಗೆ ಹುರಿದ ಕಾಫಿ ಬೀಜದ ಹಾಗೆ ಕಪ್ಪಗೆ ಮಿಂಚುತ್ತಿತ್ತು. ಕಾರು ಕಲಿಸುವವರು ಎಡಗಡೆ ಸೀಟಿನಲ್ಲಿ ಕೂರುತ್ತಾರಲ್ಲ. ಹಿಂದೆ ಬರುವವರಿಗೆ ನಿಧಾನ ಎಂದೋ, ನೀವು ಮುಂದೆ ಹೋಗಿ ಎಂದೋ ಕಿಟಕಿಯಾಚೆ ಕೈ ಚಾಚಿ ಸನ್ನೆ ಮಾಡುತ್ತಾ ಮಾಡುತ್ತಾ ಆ ಕೈಯೊಂದೇ ಮೈಸೂರಿನ ಬಿಸಿಲನ್ನೆಲ್ಲ ಕುಡಿದಿತ್ತು. ಒಂದು ಮದುವೆ ಮನೆಯಲ್ಲಿ ಬಳೆ ತೊಡಿಸುತ್ತಿದ್ದವಳು ತಲೆ ಬಗ್ಗಿಸಿಕೊಂಡೇ, ಕಪ್ಪು ಕೈ ಪಕ್ಕದವರದೆಂದು ತಿಳಿದು, ಒಂದು ಕೈ ಆಯಿತು, ಪಕ್ಕದವರು ಸ್ವಲ್ಪ ಸರಿಯಿರಿ, ಅವರಿಗೆ ಇನ್ನೊಂದು ಕೈ ಬಾಕಿ ಇದೆ ಅಂದಳಂತೆ. ಇದನ್ನು ಹೇಳಿಕೊಂಡು ಅವರೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ನಾನು ಅವರನ್ನು ಟೀಚರ್ ಎನ್ನುತ್ತಿದ್ದೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು ಎಂದು ಗೊತ್ತಾದ ಮೇಲೆ ಅವರು ನನ್ನನ್ನು ಮಿಸ್ ಎನ್ನತೊಡಗಿದರು. ಬನ್ನಿಮಂಟಪದ ಒಂದು ಅಡ್ಡರಸ್ತೆಯಲ್ಲಿ ಅವರ ಮನೆ. ಮನೆಯ ಮುಂದೆಯೇ ಕೆಂಪು ಎಲ್ ಬೋರ್ಡಿನ ಹಳೆಯ ಬಿಳಿ ಕಾರು. ಹೆಂಗಸರಿಗೆ ಮಾತ್ರ ಕಲಿಸುತ್ತಿದ್ದರು. ಗಂಡಸರು ಕೇಳಿಕೊಂಡು ಬಂದರೆ, ನಿಮಗೆಲ್ಲ ಕಲಿಯೋಕೆ ಮುಂಚೆನೇ ಬರುತ್ತೆ ಅಂದುಕೊಂಡಿರುತ್ತೀರಿ, ನನ್ನಿಂದಾಗದು ಎಂದು ಕಳಿಸಿಬಿಡುತ್ತಿದ್ದರು.

ನಾನು ಅವರ ಬಳಿಗೆ ಹೋದದ್ದು ಬೇರೆ ದಾರಿ ಕಾಣದೆ. ಎಚ್.ಡಿ. ಕೋಟೆ ರಸ್ತೆಯಿಂದ ಒಳಗಿರುವ ಒಂದು ಹಳ್ಳಿಯ ಶಾಲೆಗೆ ನನಗೆ ವರ್ಗವಾಗಿತ್ತು. ಜಯಲಕ್ಷ್ಮಿಪುರದ ನಮ್ಮ ಮನೆಯಿಂದ ಎರಡು ಬಸ್ಸು, ಆಮೇಲೆ ನಡಿಗೆ. ಸಂಜೆ ನಾನು ಮನೆ ಮುಟ್ಟುವ ಹೊತ್ತಿಗೆ ಮಗಳು ಪಕ್ಕದ ಮನೆಯ ಮೆಟ್ಟಿಲ ಮೇಲೆ ತೂಕಡಿಸುತ್ತಿರುತ್ತಿದ್ದಳು. ಕಾರು ಕಲಿಯಬೇಕು, ಇಲ್ಲವೇ ಕೆಲಸ ಬಿಡಬೇಕು ಎಂಬಲ್ಲಿಗೆ ಬಂದು ನಿಂತಿದ್ದೆ. ನನ್ನ ಗಂಡ ಬೇರೆಲ್ಲ ವಿಷಯದಲ್ಲೂ ತಣ್ಣಗಿನ ಮನುಷ್ಯ. ಆದರೆ ನನಗೆ ಕಾರು ಕಲಿಸಲು ಕೂತ ದಿನ ಅವರು ಕೂಗಿದ ಕೂಗಿಗೆ ನಾನು ಹೆದರಿ ಗೇಟಿನ ಕಂಬಕ್ಕೇ ಗುದ್ದಿಸಿದೆ. ಅಂದಿನಿಂದ ಸ್ಟೇರಿಂಗ್ ಮುಟ್ಟಿದರೆ ಅಂಗೈ ಬೆವರುತ್ತಿತ್ತು. ಬನ್ನಿಮಂಟಪದ ಟೀಚರ ವಿಷಯ ಹೇಳಿದವರು ನಮ್ಮಪ್ಪ. ಹುಡುಗನಾಗಿದ್ದಾಗ ಚಾಮರಾಜನಗರದ ಕಡೆಯ ಹಳ್ಳಿಯಿಂದ ಬಂದು ಮೈಸೂರಿನ ಗಿರಣಿಯಲ್ಲಿ ದುಡಿದವರು. ನಮ್ಮ ವಂಶದಲ್ಲಿ ಮೊದಲ ಸೈಕಲ್ಲು ಓಡಿಸಿದ್ದು ನಾನು, ಮೊದಲ ಕಾರು ನೀನು ಓಡಿಸು ಎಂದು ನನ್ನನ್ನು ಅವರೇ ಕರೆದುಕೊಂಡು ಹೋಗಿ ಬಿಟ್ಟು ಬಂದರು.

ಟೀಚರು ಕೂಗುತ್ತಿರಲಿಲ್ಲ. ಅವರ ಕಾಲ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು ಇದ್ದವು. ನಾವು ಎಡವಟ್ಟು ಮಾಡಿದರೆ ಸದ್ದಿಲ್ಲದೆ ಬ್ರೇಕ್ ಒತ್ತಿ ಗಾಡಿ ನಿಲ್ಲಿಸಿ, ಮಡಿಲಿನ ಡಬ್ಬಿ ತೆಗೆದು ಹುರಿಗಡಲೆಯನ್ನೂ ಬೆಲ್ಲದ ಚೂರನ್ನೂ ಕೈಗೆ ಹಾಕುತ್ತಿದ್ದರು. ಹಿಂದಿನವರು ಹಾರ್ನ್ ಹೊಡೆದು ಸಾಯಲಿ, ಅದನ್ನು ಅಗಿದು ನುಂಗಿದ ಮೇಲೆಯೇ ಮತ್ತೆ ಗಾಡಿ ಸ್ಟಾರ್ಟ್ ಮಾಡಬೇಕು.

ನನ್ನ ರೋಗ ಅವರಿಗೆ ಮೊದಲ ವಾರದಲ್ಲೇ ತಿಳಿಯಿತು. ನಾನು ಬಾನೆಟ್ಟಿನ ಆಚೆ ನೋಡುತ್ತಲೇ ಇರಲಿಲ್ಲ. ಒಂದು ಬೆಳಿಗ್ಗೆ ರಿಂಗ್ ರೋಡು ದಾಟಿ ಹೊಲಗಳ ನಡುವಿನ ರಸ್ತೆಗೆ ಕರೆದುಕೊಂಡು ಹೋದರು.

"ಬಾನೆಟ್ಟನ್ನ ಏನ್ ನೋಡ್ತೀರಿ ಮಿಸ್, ಅದೆಲ್ಲೂ ಓಡೋಗಲ್ಲ ಬುಡಿ. ಅಗೋ, ಆ ದೂರದ ತಂತಿ ಮೇಲೆ ಯಾವ್ ಹಕ್ಕಿ ಕೂತದೆ, ಅದನ್ ಯೋಳಿ."

ನೋಡಿದೆ. ಹಸಿರು ಮೈ, ತೆಳ್ಳಗಿನ ಬಾಲ. ಅದು ತಂತಿಯಿಂದ ಹಾರಿ ಗಾಳಿಯಲ್ಲೇ ಹುಳ ಹಿಡಿದು ಮತ್ತೆ ಅದೇ ಜಾಗಕ್ಕೆ ಬಂದು ಕೂತಿತು. ಅದನ್ನು ವಿವರಿಸಿ ಮುಗಿಸುವಷ್ಟರಲ್ಲಿ ಕಾರು ಒಂದು ಗೆರೆ ಎಳೆದಂತೆ ನೇರವಾಗಿ ಬಹಳ ದೂರ ಬಂದಿತ್ತು. ನನಗೇ ಗೊತ್ತಾಗಿರಲಿಲ್ಲ.

ಅಂದಿನಿಂದ ನನ್ನ ಪಾಠವೆಲ್ಲ ಹಕ್ಕಿಗಳ ಮೇಲೆಯೇ ನಡೆಯಿತು. ಟೀಚರಿಗೆ ಹಕ್ಕಿಗಳ ಹೆಸರು ಒಂದೂ ಸರಿಯಾಗಿ ಗೊತ್ತಿರಲಿಲ್ಲ. ತಿಳಿದುಕೊಳ್ಳುವ ಆಸೆಯೂ ಇರಲಿಲ್ಲ. ತಾವೇ ಹೆಸರಿಟ್ಟಿದ್ದರು. ಹಾರಿ ಅದೇ ತಂತಿಗೆ ಮರಳುವ ಆ ಹಸಿರು ಹಕ್ಕಿ ಯೂ ಟರ್ನು. ಕಾಲುವೆ ದಂಡೆಯ ಮೇಲೆ ಬಾಲ ಕುಣಿಸುತ್ತಾ ಓಡುವುದು ಇಂಡಿಕೇಟರು. ಗದ್ದೆಯಲ್ಲಿ ಅಲುಗಾಡದೆ ನಿಂತ ಬೆಳ್ಳಕ್ಕಿ ಹ್ಯಾಂಡ್‌ಬ್ರೇಕು. ರೆಕ್ಕೆ ಬಡಿಯದೆ ಆಕಾಶದಲ್ಲಿ ತೇಲುವ ಹದ್ದು ನ್ಯೂಟ್ರಲ್ಲು. ನೀವು ಇಳಿಜಾರಿನಲ್ಲಿ ಹಾಗೆಲ್ಲ ನ್ಯೂಟ್ರಲ್ಲಿಗೆ ಹಾಕಬಾರದು, ಅದಕ್ಕಾದರೆ ಮೇಲೆ ಅಡ್ಡ ಬರುವವರಿಲ್ಲ ಎಂದು ಎಚ್ಚರಿಸುತ್ತಿದ್ದರು. ನಾನು ಒಂದು ಪುಸ್ತಕ ಕೊಂಡು ತಂದು, ಟೀಚರ್, ಆ ಯೂ ಟರ್ನಿಗೆ ಕಳ್ಳಿಪೀರ ಎನ್ನುತ್ತಾರೆ ಎಂದರೆ, ಚೆನ್ನಾಗಿದೆ ಹೆಸರು ಎಂದು ಮೆಚ್ಚಿಕೊಂಡು ಮರುಕ್ಷಣವೇ, ಅಗೋ ಇನ್ನೊಂದು ಯೂ ಟರ್ನು ಎನ್ನುತ್ತಿದ್ದರು.

ಹಕ್ಕಿಗಳ ಹುಚ್ಚು ಹೇಗೆ ಹತ್ತಿತು ಎಂದು ಒಮ್ಮೆ ಕೇಳಿದೆ. ನಂಜನಗೂಡಿನಾಚೆ ಕೆರೆಯ ಪಕ್ಕದ ಊರು ಅವರ ತವರು. ಚಿಕ್ಕವಳಿದ್ದಾಗ ಗದ್ದೆಯ ಬದುವಿನಲ್ಲಿ ತಗಡಿನ ಡಬ್ಬ ಬಡಿಯುತ್ತಾ ನಿಂತು ಪೈರಿಗೆ ಬೀಳುವ ಬಾತುಗಳನ್ನು ಓಡಿಸುವುದೇ ಅವರ ಕೆಲಸವಾಗಿತ್ತಂತೆ. ಚಳಿಗಾಲಕ್ಕೆ ಗುಂಪುಗುಂಪಾಗಿ ಬಂದಿಳಿಯುವ ದೊಡ್ಡ ಬಾತುಗಳು. ಅವು ಎದ್ದರೆ ಇಡೀ ಕೆರೆಯೇ ಮೇಲಕ್ಕೆದ್ದ ಹಾಗೆ ಕಾಣುತ್ತಿತ್ತು. ಇನ್ನೊಂದು ಸಲ ನೋಡಬೇಕು ಎನಿಸಿದರೂ ಮತ್ತೆ ಬಡಿಯಬೇಕಿತ್ತು, ಓಡಿಸಬೇಕಿತ್ತು.

"ಆಗ ಮನಸ್ ತುಂಬ ನೋಡಕ್ಕೇ ಬುಡ್ಲಿಲ್ಲ ಕಣ್ ಮಿಸ್," ಎಂದರು. "ಈಗ ಯಾರ್ ಗದ್ದೆನೋ ಏನೋ, ನಾನಂತೂ ನೋಡ್ತೀನಿ."

ಪ್ರತಿ ವರ್ಷ ಶಿವರಾತ್ರಿ ಕಳೆದು ಯುಗಾದಿ ಬರುವುದರೊಳಗೆ, ಪಾಠ ಮುಗಿಸುತ್ತಿರುವವರನ್ನು ಅವರು ಆ ಕೆರೆಗೆ ಕರೆದುಕೊಂಡು ಹೋಗುತ್ತಿದ್ದರು. ಹೋಗುವಾಗಲೂ ಬರುವಾಗಲೂ ನಾವೇ ಓಡಿಸಬೇಕು; ಅದೇ ಅವರ ಕೊನೆಯ ಪಾಠ. ನಮ್ಮ ಸರದಿ ಬಂದಾಗ ಕಾರಿನಲ್ಲಿ ನಾವು ಮೂವರು: ಟೀಚರು, ನಾನು, ಅಗ್ರಹಾರದ ಒಬ್ಬ ಅಮ್ಮ. ಈ ಅಮ್ಮನಿಗೆ ಅರವತ್ತು ದಾಟಿತ್ತು. ಅವರ ತಂಗಿ ಇದ್ದದ್ದು ಮಂಡ್ಯದಲ್ಲಿ. ಅಲ್ಲಿಗೆ ಹೋಗಬೇಕೆನಿಸಿದಾಗಲೆಲ್ಲ ಯಾರನ್ನೋ ಗೋಗರೆಯುವುದು ಸಾಕಾಗಿದೆ ಎಂದು ಕಲಿಯಲು ಬಂದಿದ್ದರು. ಪುಳಿಯೋಗರೆಯ ಬುತ್ತಿ ಕಟ್ಟಿಕೊಂಡು, ಮಲ್ಲಿಗೆ ಮುಡಿದು, ಮದುವೆಗೆ ಹೊರಟವರಂತೆ ಬಂದರು.

ಆ ಬೆಳಿಗ್ಗೆಯನ್ನು ನೆನೆದರೆ ಈಗಲೂ ಮೈ ಹಗುರಾಗುತ್ತದೆ. ಹೊಂಗೆ ಮರಗಳಲ್ಲಿ ಎಳೆ ಚಿಗುರು, ಬೇಲಿಯಾಚೆ ಎಲೆ ಉದುರಿಸಿ ಕೆಂಡದಂತೆ ಹೂ ಬಿಟ್ಟ ಮುತ್ತುಗ, ತೆರೆದ ಕಿಟಕಿಯಿಂದ ನುಗ್ಗಿ ಬರುವ ಮಾವಿನ ಹೂವಿನ ವಾಸನೆ. ಹೋಗುವಾಗ ಓಡಿಸಿದವರು ಅಗ್ರಹಾರದ ಅಮ್ಮ. ಹಕ್ಕಿ ಕಂಡಲ್ಲೆಲ್ಲ ಗಾಡಿ ನಿಲ್ಲಿಸಿ ಎಂದು ಟೀಚರು ಹೇಳಿದ್ದೇ ತಪ್ಪಾಯಿತು. ಅಮ್ಮ ಕಾಗೆಗೂ ನಿಲ್ಲಿಸಿದರು.

ಕೆರೆಯಲ್ಲಿ ನೀರು ಕೆಳಗಿಳಿದಿತ್ತು. ಅಂಚಿನ ಕೆಸರಿನಲ್ಲಿ ಬಾತುಗಳು ಮೇಯುತ್ತಿದ್ದವು. ಬಿಳಿ ತಲೆಯ ಹಿಂದೆ ಕಾಡಿಗೆಯಲ್ಲಿ ಎಳೆದ ಹಾಗೆ ಎರಡು ಗೆರೆ. ಹಿಮಾಲಯ ದಾಟಿ ಬರುವ ಹಕ್ಕಿಗಳಿವು, ಇನ್ನು ಕೆಲವು ದಿನಗಳಲ್ಲಿ ಹೊರಟುಬಿಡುತ್ತವೆ ಎಂದು ನಾನು ಪುಸ್ತಕದಲ್ಲಿ ಓದಿದ್ದನ್ನು ಹೇಳುತ್ತಿದ್ದೆ. ಟೀಚರು ಕೇಳಿಸಿಕೊಳ್ಳುತ್ತಿರಲಿಲ್ಲ. ಏರಿಯ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತು ಸುಮ್ಮನೆ ನೋಡುತ್ತಿದ್ದರು. ಏನು ಕಂಡು ಬೆಚ್ಚಿದವೋ, ಬಾತುಗಳೆಲ್ಲ ಒಟ್ಟಿಗೇ ಎದ್ದವು. ನಮ್ಮ ತಲೆಯ ಮೇಲೆಯೇ ಬಂದವು. ರೆಕ್ಕೆಯ ಗಾಳಿ ಮುಖಕ್ಕೆ ತಾಗಿತೇನೋ ಎನ್ನುವಷ್ಟು ಹತ್ತಿರ. ಟೀಚರು ಕತ್ತೆತ್ತಿ ಅವುಗಳ ಜೊತೆಗೇ ತಿರುಗುತ್ತಾ ಹಿಂದಕ್ಕೆ ಹೆಜ್ಜೆಯಿಟ್ಟರು. ಏರಿಯ ಮಣ್ಣು ಕುಸಿದು ಒಂದು ಗುಂಡಿಯಾಗಿತ್ತು. ಅದರೊಳಗೆ ಬಲಗಾಲು ಹೊರಳಿ ಕುಸಿದು ಕೂತರು.

ನಾವು ಓಡಿಹೋಗಿ ಎತ್ತುವಷ್ಟರಲ್ಲಿ ಪಾದದ ಹರಡು ಊದಿಕೊಂಡಿತ್ತು. ಅವರ ಮುಖ ಬಿಳಿಚಿತ್ತು. ಆದರೂ ಕಣ್ಣು ಇನ್ನೂ ಆಕಾಶದಲ್ಲಿತ್ತು. ಎಲ್ಲಾ ಹೋದವಾ ಎಂದು ಕೇಳಿದರು. ಒಂದು ಸುತ್ತು ಹಾಕಿ ಮತ್ತೆ ಕೆರೆಗೇ ಇಳಿದವು ಎಂದಾಗ ಸಮಾಧಾನಪಟ್ಟರು.

ಸಮಸ್ಯೆ ಆಮೇಲೆ ಶುರುವಾಯಿತು. ಕಾಲು ಚಾಚಿ ಕೂರಬೇಕಾದ್ದರಿಂದ ಟೀಚರು ಹಿಂದಿನ ಸೀಟಿಗೆ ಹೋಗಬೇಕಾಯಿತು. ಎಡಗಡೆಯ ಬ್ರೇಕು ಒತ್ತುವವರು ಇಲ್ಲವಾದರು. ಅಗ್ರಹಾರದ ಅಮ್ಮ, ನೀವು ಪಕ್ಕದಲ್ಲಿಲ್ಲದೆ ನನ್ನಿಂದ ಆಗೋದಿಲ್ಲ ಎಂದುಬಿಟ್ಟರು. ನಾನು ಬೇರೆ ಯಾರನ್ನಾದರೂ ಕರೆಸೋಣ ಎಂದೆ.

"ಯಾರೂ ಬ್ಯಾಡ," ಎಂದರು ಟೀಚರು. "ನಾಲ್ಕ್ ದಿನದಿಂದ ನಾನ್ ಬ್ರೇಕೇ ಒತ್ತಿಲ್ಲ ಮಿಸ್. ಸುಮ್ನೆ ಕಾಲಿಟ್ಕೊಂಡ್ ಕೂತಿದ್ದೆ ಅಷ್ಟೇ. ನಡೀರಿ."

ಎಡಗಡೆ ಸೀಟಿಗೆ ಅಗ್ರಹಾರದ ಅಮ್ಮ ಬಂದರು. ಅಪ್ಪಿತಪ್ಪಿ ಆ ಪೆಡಲುಗಳನ್ನು ತುಳಿದೀರಿ, ಕಾಲು ಮೇಲಿಟ್ಟುಕೊಳ್ಳಿ ಎಂದು ಟೀಚರು ಹೇಳಿದ್ದರಿಂದ ಅವರು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ, ಮಡಿಲಲ್ಲಿ ಬುತ್ತಿಯ ಪಾತ್ರೆ ಇಟ್ಟುಕೊಂಡು, ಕಣ್ಣು ಮುಚ್ಚಿ ಏನನ್ನೋ ಜಪಿಸತೊಡಗಿದರು. ಅದನ್ನು ನೋಡಿ ಆ ಸ್ಥಿತಿಯಲ್ಲೂ ನನಗೆ ನಗು ಬಂತು. ನಗು ಬಂದದ್ದರಿಂದಲೇ ಗಾಡಿ ಹೊರಟಿತು ಎನಿಸುತ್ತದೆ.

ಹಳ್ಳಿಯ ಕಿರಿದಾದ ರಸ್ತೆಯಲ್ಲಿ ಎದುರಿಗೆ ಕಬ್ಬು ತುಂಬಿದ ಟ್ರ್ಯಾಕ್ಟರು ಬಂತು. ಪಕ್ಕದಲ್ಲಿ ಕಾಲುವೆ. ರಿವರ್ಸ್ ತೆಗೆದುಕೊಂಡೆ, ಆಫ್ ಆಯಿತು, ಮತ್ತೆ ತೆಗೆದುಕೊಂಡೆ. ಟ್ರ್ಯಾಕ್ಟರಿನವರು ತಾಳ್ಮೆಯಿಂದ ಬೀಡಿ ಹಚ್ಚಿಕೊಂಡರು. ಹಿಂದಿನಿಂದ ಹುರಿಗಡಲೆಯ ಡಬ್ಬಿ ನನ್ನ ಭುಜದ ಪಕ್ಕಕ್ಕೆ ಬಂತು. ಅಗಿದು ನುಂಗಿ ಮೂರನೆಯ ಸಲ ಪ್ರಯತ್ನಿಸಿದೆ. ಗಾಡಿ ಹಿಂದಕ್ಕೆ ಸರಿದು ಒಂದು ಕಣದ ಪಕ್ಕ ಹೋಗಿ ನಿಂತಿತು. ನಂಜನಗೂಡಿನ ಪೇಟೆ ದಾಟಿದೆವು, ಕಪಿಲೆಯ ಸೇತುವೆ ದಾಟಿದೆವು, ದೊಡ್ಡ ರಸ್ತೆಗೆ ಬಂದೆವು. ಲಾರಿಗಳು ಪಕ್ಕದಲ್ಲೇ ಅಬ್ಬರಿಸುತ್ತಾ ಹೋಗುವಾಗ ನನ್ನ ಕಣ್ಣು ಮತ್ತೆ ಬಾನೆಟ್ಟಿಗೆ ಇಳಿಯುತ್ತಿತ್ತು. ಹಿಂದಿನಿಂದ ದನಿ ಬರುತ್ತಿತ್ತು: ಮುಂದೆ ತಂತಿ ಮೇಲೆ ಏನಿದೆ, ಮಿಸ್? ನಾನು ಕಣ್ಣೆತ್ತಿ ಹೇಳುತ್ತಿದ್ದೆ. ಆಮೇಲೆ? ಒಂದು ನೀಲಕಂಠ, ಟೀಚರ್. ಆಮೇಲೆ?

ಕಡಕೊಳ ಕಳೆದ ಮೇಲೆ ಒಮ್ಮೆ ಕನ್ನಡಿಯಲ್ಲಿ ಅವರನ್ನು ನೋಡಿದೆ. ತಲೆ ಹಿಂದಕ್ಕೆ ಒರಗಿಸಿ, ಕೆಳತುಟಿ ಕಚ್ಚಿಕೊಂಡು, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದ್ದರು. ಅವರು ಯಾವ ಹಕ್ಕಿಯನ್ನೂ ನೋಡುತ್ತಿರಲಿಲ್ಲ. ನೋವು ಸಹಿಸಿಕೊಂಡು ಉಸಿರು ಸಿಕ್ಕಾಗಲೆಲ್ಲ ನನ್ನ ಕಣ್ಣನ್ನು ರಸ್ತೆಯ ದೂರಕ್ಕೆ ಕಳಿಸುತ್ತಿದ್ದರು.

"ಈಗೇನದೆ, ಮಿಸ್?"

ತಂತಿಗಳು ಖಾಲಿಯಿದ್ದವು. ಬಲಗಡೆ ಚಾಮುಂಡಿ ಬೆಟ್ಟ ಹತ್ತಿರವಾಗುತ್ತಿತ್ತು.

"ಯೂ ಟರ್ನುಗಳು, ಟೀಚರ್. ಸಾಲಾಗಿ ಕೂತಿವೆ."

ಮುಚ್ಚಿದ ಕಣ್ಣಲ್ಲೇ ಅವರ ಮುಖ ಸ್ವಲ್ಪ ಸಡಿಲವಾಯಿತು. ಆಮೇಲೆ ಊರು ಮುಟ್ಟುವವರೆಗೂ ಇಲ್ಲದ ಹಕ್ಕಿಗಳನ್ನೆಲ್ಲ ಹೇಳಿಕೊಂಡು ಬಂದೆ. ಕಣ್ಣು ಬಿಟ್ಟ ಅಗ್ರಹಾರದ ಅಮ್ಮ ಒಮ್ಮೆ ಖಾಲಿ ತಂತಿಯನ್ನೂ ಒಮ್ಮೆ ನನ್ನನ್ನೂ ನೋಡಿ, ತಾವೂ ಎರಡು ನವಿಲು ಸೇರಿಸಿದರು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದಾಗ ಮೂಳೆಯಲ್ಲಿ ಬಿರುಕು ಕಂಡಿತು. ಕಾಲಿಗೆ ಸಿಮೆಂಟಿನ ಕಟ್ಟು ಹಾಕುತ್ತಾ ಡಾಕ್ಟರು, ಅಷ್ಟು ದೂರದಿಂದ ಹೇಗೆ ಬಂದಿರಿ ಎಂದು ಕೇಳಿದರು. ಟೀಚರು ನನ್ನ ಕಡೆ ಕೈ ತೋರಿಸಿ, ನನ್ನ ಡ್ರೈವರು ಕರೆದುಕೊಂಡು ಬಂದಳು ಎಂದರು. ಅಲ್ಲಿಯವರೆಗೆ ನನ್ನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದವರು ಅವರು. ಆ ಒಂದು 'ಬಂದಳು' ನನಗೆ ಲೈಸೆನ್ಸಿಗಿಂತ ದೊಡ್ಡದಾಗಿ ಕೇಳಿಸಿತು.

ಲೈಸೆನ್ಸೂ ಬಂತು. ಶಾಲೆಗೆ ಕಾರಿನಲ್ಲೇ ಹೋಗತೊಡಗಿದೆ. ನಮ್ಮ ಮನೆಯ ಹಜಾರದಲ್ಲಿರುವಂಥದ್ದೇ ಪುಟ್ಟ ಬುದ್ಧನ ಮೂರ್ತಿಯೊಂದನ್ನು ಅಪ್ಪ ತಂದು ಕಾರಿನ ಮುಂಭಾಗದಲ್ಲಿ ಅಂಟಿಸಿದರು. ಅದನ್ನು ನೋಡಿದ ಟೀಚರು ಕೈಮುಗಿದು, "ಅವ್ರು ಕಣ್ ಮುಚ್ಕೊಂಡವ್ರೆ, ನೀನ್ ಮಾತ್ರ ಬುಟ್ಕೊಂಡಿರು," ಎಂದರು. ಅವರ ಕಾಲಿನ ಕಟ್ಟು ಬಿಚ್ಚುವವರೆಗೂ ಭಾನುವಾರ ಬೆಳಿಗ್ಗೆ ಅವರನ್ನು ಕೂರಿಸಿಕೊಂಡು ಸುತ್ತಾಡಿಸುವ ಕೆಲಸ ನನ್ನದಾಯಿತು. ಕಟ್ಟು ಬಿಚ್ಚಿದ ಮೇಲೂ ಅದು ನಿಲ್ಲಲಿಲ್ಲ. ವರುಣಾ ಕಡೆ, ಬನ್ನೂರು ಕಡೆ, ಕಾಲುವೆಯ ದಾರಿ ಹಿಡಿದು ಎಲ್ಲೆಲ್ಲೋ ಹೋದೆವು. ಕೆಲವು ಸಲ ಮಗಳೂ ಬಂದಳು. ಅವಳು ಶಾಲೆಯ ಪರೀಕ್ಷೆಯಲ್ಲಿ ಬೆಳ್ಳಕ್ಕಿಯ ಚಿತ್ರದ ಕೆಳಗೆ ಹ್ಯಾಂಡ್‌ಬ್ರೇಕ್ ಎಂದು ಬರೆದು ಬಂದಾಗ ಟೀಚರು ಅವಳಿಗೆ ಬೆಲ್ಲದ ಅಚ್ಚು ಕೊಟ್ಟರು.

ಕಳೆದ ವರ್ಷ ಕಾರ್ತಿಕದಲ್ಲಿ ಅವರು ತೀರಿಕೊಂಡರು. ಬಹಳ ದಿನ ನರಳಲಿಲ್ಲ. ಹಿಂದಿನ ವಾರವಷ್ಟೇ ಒಬ್ಬರಿಗೆ ಪಾಠ ಮುಗಿಸಿದ್ದರು.

ತಿಥಿಯ ದಿನ ಬನ್ನಿಮಂಟಪದ ಆ ಅಡ್ಡರಸ್ತೆಯಲ್ಲಿ ಶಾಮಿಯಾನ ಹಾಕಿದ್ದರು. ಬೀದಿಯ ಎರಡೂ ಬದಿಯಲ್ಲಿ ಕಾರುಗಳು ನಿಂತು ಒಂದು ಶಾಲೆಯ ಬಸ್ಸು ದಾಟಲಾಗದೆ ಸಿಕ್ಕಿಕೊಂಡಿತು. ಟ್ರಾಫಿಕ್ ಕಾನ್‌ಸ್ಟೇಬಲ್ ಒಬ್ಬರು ಬಂದು ಬಾಗಿಲಲ್ಲಿದ್ದ ಗಂಡಸರಿಗೆ, "ಗಾಡಿ ತೆಗೀಬೇಕು, ಡ್ರೈವರ್‌ಗಳನ್ನ ಸ್ವಲ್ಪ ಕರೀರಿ," ಎಂದರು. ಟೀಚರ ಮಗ ಊಟದ ಸಾಲಿನಲ್ಲಿದ್ದ ನಮ್ಮ ಕಡೆ ತಿರುಗಿ ನೋಡಿದರು.

ಆಗಷ್ಟೇ ಎಲೆ ಹಾಕಿದ್ದರು. ಒಬ್ಬೊಬ್ಬರಾಗಿ ಎದ್ದೆವು. ರೇಷ್ಮೆ ಸೀರೆಯವರು, ಚೂಡಿದಾರದವರು, ಬುರ್ಖಾ ತೊಟ್ಟ ಒಬ್ಬರು, ಊರುಗೋಲು ಹಿಡಿದ ಅಗ್ರಹಾರದ ಅಮ್ಮ. ಬ್ಯಾಗಿನಿಂದ, ಸೊಂಟದಿಂದ, ಸೆರಗಿನ ಗಂಟಿನಿಂದ ಕೀಲಿ ತೆಗೆದುಕೊಂಡು ಬೀದಿಗಿಳಿದೆವು. ಕಾನ್‌ಸ್ಟೇಬಲ್ ಸೀಟಿಯನ್ನು ಬಾಯಿಗಿಟ್ಟುಕೊಂಡವರು ಊದಲೇ ಇಲ್ಲ. ಒಂದರ ಹಿಂದೊಂದು ಕಾರು ರಿವರ್ಸಿನಲ್ಲಿ ಆ ಸಣ್ಣ ಬೀದಿಯಿಂದ ಹೊರಗೆ ಸರಿಯಿತು; ಯಾರೂ ಹಾರ್ನ್ ಮಾಡಲಿಲ್ಲ. ಬಸ್ಸು ದಾಟಿಹೋಯಿತು. ನಾವೆಲ್ಲ ಕೈ ತೊಳೆದುಕೊಂಡು ಮತ್ತೆ ಬಂದು ಎಲೆಯ ಮುಂದೆ ಕೂತೆವು.