ಮೊದಲು ನನ್ನ ಗಾಡಿಗೆ

ಚಳ್ಳಕೆರೆಯ ಎಣ್ಣೆಮಿಲ್ಲಿನ ಬೀದಿಯಲ್ಲಿ ಒಬ್ಬ ಸೈಕಲ್ ಮೆಕ್ಯಾನಿಕ್ ಇದ್ದರು. ಹೊಸದೇನನ್ನೂ ಅವರು ಗಿರಾಕಿಯ ಸೈಕಲ್ಲಿಗೆ ನೇರವಾಗಿ ಹಾಕಿದವರಲ್ಲ. "ತಡೀರಿ, ಮೊದ್ಲು ನನ್ ಗಾಡಿಗೆ ಹಾಕಿ ನೋಡ್ತೀನಿ" ಎನ್ನುವರು. ಹಾಗಾಗಿ ಅವರ ದಪ್ಪ ಟೈರಿನ ಗೇರ್ ಸೈಕಲ್ಲಿನಲ್ಲಿ ಊರಿನವರ ತೊಂದರೆಗಳೆಲ್ಲ ಸೇರಿಕೊಂಡಿದ್ದವು. ಜಾಲಿಮುಳ್ಳು ತಾಗದಂತೆ ಟೈರಿನೊಳಗೆ ಹಳೆಯ ಸ್ಕೂಟರ್ ಟ್ಯೂಬು ಕತ್ತರಿಸಿ ಹಾಸಿದ್ದರು. ಬೆನ್ನುನೋವಿನ ಹಾಲಿನವನಿಗೋಸ್ಕರ ಹ್ಯಾಂಡಲ್ ಎತ್ತರಿಸಿದ್ದರು.

ಅಪಘಾತದಲ್ಲಿ ಮುರಿದ ನನ್ನ ಎಡಗಾಲು ಕೂಡಿಕೊಂಡಿತು, ಆದರೆ ಒಂದಿಂಚು ಗಿಡ್ಡವಾಯಿತು. ಪೆಡಲ್ ಎಟುಕುತ್ತಿರಲಿಲ್ಲ. ದಿನಾ ಬೆಳಿಗ್ಗೆ ಕುದಾಪುರದ ಹುಲ್ಲುಗಾವಲಿಗೆ ಹೋಗಿಬರುತ್ತಿದ್ದ ಸೈಕಲ್ಲನ್ನು ಮಾರಿಸಿಬಿಡೋಣವೆಂದು ಅವರಲ್ಲಿಗೆ ತಳ್ಳಿಕೊಂಡು ಹೋದೆ. ಅವರು ಕೆಳಗೆ ಕೂತು, ಹಳೆಯ ಚೈನು ಹಿಡಿದು ನನ್ನ ಎರಡೂ ಕಾಲುಗಳನ್ನು ಅಳೆದರು.

"ಎರಡು ಕೊಂಡಿ ಕಮ್ಮಿ ಐತೆ, ಅಷ್ಟೆ. ಗಾಡಿ ಇಲ್ಲೇ ಇರ್ಲಿ. ಎಂಟು ದಿನ ಬಿಟ್ಟು ಬರ್ರಿ ಮೇಷ್ಟ್ರೇ."

ಮತ್ತೆ ಹೋದಾಗ ಅವರೇ ಕುಂಟುತ್ತಾ ಎದುರು ಬಂದರು. ಗಾಬರಿಯಾಯಿತು. "ಕಾಲಿಗೇನಾಯ್ತ್ರೀ?" ಎಂದೆ.

"ಏನಿಲ್ರಿ, ನಿಮ್ ಕಾಲು ಹಾಕ್ಕೊಂಡು ಓಡಾಡ್ತಿದ್ದೆ."

ಬಲಗಾಲು ಎತ್ತಿ ತೋರಿಸಿದರು. ಆ ಒಂದು ಚಪ್ಪಲಿಯ ಅಡಿಗೆ ಮಾತ್ರ ಒಂದಿಂಚು ದಪ್ಪಕ್ಕೆ ಟೈರು ಬಡಿದಿದ್ದರು. ಅವರ ಗಾಡಿಯ ಎಡ ಪೆಡಲಿನ ಮೇಲೆ ಅಷ್ಟೇ ದಪ್ಪದ ಮರದ ತುಂಡು ಕೂತಿತ್ತು.

"ಜಟಿಂಗ ರಾಮೇಶ್ವರದ ಬೆಟ್ಟದ ಬುಡದ ತಂಕ ತುಳ್ದು ಬಂದೀನಿ. ಏರಿನಾಗೆ ಮರ ಜಾರ್ತಿತ್ತು, ಮ್ಯಾಲೆ ರಬ್ಬರ್ ಹಾಕ್ದೆ. ಈಗ ನೀವು ಹತ್ರಿ."

ಅವರ ಗಾಡಿ ಹತ್ತಿದೆ. ಎರಡೂ ಕಾಲು ಒಂದೇ ಸಮ ತುಳಿದವು. ಬೀದಿಯ ತುದಿಯಲ್ಲಿ ತಿರುಗಿ ನೋಡಿದರೆ, ಅವರು ಚಪ್ಪಲಿಯ ಟೈರು ಕಿತ್ತೆಸೆದು, ನೆಟ್ಟಗೆ ನಡೆದು ಹೋಗಿ, ನನ್ನ ಸೈಕಲ್ಲಿನ ಎಡ ಪೆಡಲಿಗೆ ಸ್ಪ್ಯಾನರ್ ಹಾಕುತ್ತಿದ್ದರು.